ತ್ರೀಡಿ ಮೇಷ್ಟ್ರು

ಬೆಂಗಳೂರಿನ ಯಾವ ಎಲೆಕ್ಟ್ರಾನಿಕ್ಸ್ ಕಂಪನಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಸಂಬಳ ಬರುವುದು ಪಿಸಿಬಿ ಲೇಔಟ್ ಮಾಡುವುದಕ್ಕೆ, ಜೀವ ಇರುವುದು ತ್ರೀಡಿ ಚಿತ್ರದಲ್ಲಿ. ಕೀಕ್ಯಾಡ್‌ನಲ್ಲಿ ಎರಡು ರೆಸಿಸ್ಟರ್ ಇಟ್ಟ ಕೂಡಲೇ ಆಲ್ಟ್ ಜೊತೆ 3 ಒತ್ತಿ ಬೋರ್ಡನ್ನು ಗಿರಗಿರ ತಿರುಗಿಸಿ ನೋಡದಿದ್ದರೆ ತಿಂದದ್ದು ಅರಗುವುದಿಲ್ಲ. ಹಿಗ್ಸ್ ಕಣ ಕಂಡ ಸರ್ನ್ ಸಂಸ್ಥೆಯವರು 2013ರಿಂದ ಈ ಉಚಿತ ತಂತ್ರಾಂಶಕ್ಕೆ ದುಡಿದಿದ್ದಾರೆ. ದುಡಿದದ್ದು ತಮ್ಮ ಕನೆಕ್ಟರ್‌ಗಳು ಚೆನ್ನಾಗಿ ಹೊಳೆಯಲಿ ಎಂದೇ ಅಂತ ಮೇಷ್ಟ್ರು ನಂಬಿದ್ದಾರೆ.

ಲೈಬ್ರರಿಯಲ್ಲಿ ಸಿಗುವ ಮಾಡೆಲ್ ಅವರಿಗೆ ಸಪ್ಪೆ. ಎಸ್‌ಪಿ ರೋಡಿನಲ್ಲಿ ಕೊಂಡ, ಹೆಸರು ದೆಸೆ ಇಲ್ಲದ ಡಿಸಿ ಜ್ಯಾಕ್ ಕಂಡರೆ ಮಾತ್ರ ಮುಖ ಅರಳುತ್ತದೆ. ವರ್ನಿಯರ್ ಹಿಡಿದು ಅಳೆದು, ಫ್ರೀಕ್ಯಾಡ್‌ನಲ್ಲಿ ಸ್ವಂತ ಕೈಯಿಂದ ಕಟ್ಟುತ್ತಾರೆ. ಕಟ್ಟಿ ತಂದು ಕೂರಿಸಿದರೆ, ಜ್ಯಾಕು ಬೋರ್ಡಿನ ಅರ್ಧವನ್ನು ನುಂಗಿ ನಿಂತಿರುತ್ತದೆ. ಹುಡುಗರು ನಗುತ್ತಾರೆ. ಮೇಷ್ಟ್ರು ಕಾಯುತ್ತಿದ್ದುದು ಇದಕ್ಕೇ.

"ನೋಡ್ರಯ್ಯ, ವಿಆರ್‌ಎಂಎಲ್ ಫೈಲಿನ ಒಂದು ಯೂನಿಟ್ಟನ್ನ ಕೀಕ್ಯಾಡ್ 2.54 ಮಿಲಿಮೀಟರ್ ಅಂತ ಓದುತ್ತೆ. ನಾವು ಮಿಲಿಮೀಟರ್‌ನಲ್ಲಿ ಬರೆದ್ವಿ, ಅದು ಎರಡೂವರೆ ಪಟ್ಟು ಊದ್ಕೊಳ್ತು. ಸ್ಕೇಲ್‌ಗೆ 0.3937 ಹಾಕಿ." ಈ ಸಂಖ್ಯೆ ನಾಲಗೆಯ ತುದಿಯಲ್ಲಿದೆ, ಮದುವೆಯಾದ ತಾರೀಖು ಕೇಳಬೇಡಿ. ಜ್ಯಾಕು ಕುಗ್ಗಿತು, ಆದರೆ ಬೋರಲು ಬಿದ್ದಿದೆ. ಎಕ್ಸ್ ಅಕ್ಷಕ್ಕೆ ಮೈನಸ್ 90. ಎದ್ದಿತು, ಸೊಂಟದವರೆಗೆ ಬೋರ್ಡಿನಲ್ಲಿ ಹೂತಿದೆ. ಝಡ್ ಹೆಚ್ಚಿಸು. ಪ್ರತಿ ತಿರುವಿಗೂ ಮೇಷ್ಟ್ರ ಕತ್ತೂ ಅಷ್ಟೇ ಡಿಗ್ರಿ ವಾಲುತ್ತದೆ.

"ಸ್ಟೆಪ್ ಫೈಲಾದ್ರೆ ಅಳತೆ ಅದರೊಳಗೇ ಇರುತ್ತಲ್ಲ ಸರ್?" ಎಂದು ಹೊಸ ಹುಡುಗಿಯೊಬ್ಬಳು ಕೇಳಿದಳು. "ಅದು ಹೊಳೆಯಲ್ಲಮ್ಮ" ಎಂದರು. ನಿಜವೇ, ಲೋಹದ ಮಿನುಗು ವಿಆರ್‌ಎಂಎಲ್‌ನಲ್ಲೇ ಚೆನ್ನ. ಆದರೆ ಡಬ್ಬಿ ವಿನ್ಯಾಸ ಮಾಡುವವರಿಗೆ ಕಳಿಸುವ ಸ್ಟೆಪ್ ಕಡತಕ್ಕೆ ಆ ಮಿನುಗು ಹೋಗುವುದಿಲ್ಲ, ಜ್ಯಾಕೇ ಹೋಗುವುದಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ತೆರೆದರೂ ಆ ಜಾಗ ಬೋಳು, ಏಕೆಂದರೆ ಮಾಡೆಲ್ ಇರುವುದು ಮೇಷ್ಟ್ರ ಸ್ವಂತ ಡೆಸ್ಕ್‌ಟಾಪಿನಲ್ಲಿ. ಪ್ರಾಜೆಕ್ಟ್ ಫೋಲ್ಡರಿನೊಳಗೇ ಇಡಬೇಕೆಂದು ಊರಿಗೆಲ್ಲ ಪಾಠ ಹೇಳುವವರೂ ಅವರೇ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಜ್ಯಾಕಿನ ಮೂರು ಕಾಲಲ್ಲಿ ಎರಡು ತೂತಿಗೆ ಇಳಿದವು, ಪಕ್ಕದ ಕಾಲು ಮಾತ್ರ ಬಲಕ್ಕೆ, ತೂತು ಎಡಕ್ಕೆ. ಫುಟ್‌ಪ್ರಿಂಟ್, ಅಂದರೆ ಬೋರ್ಡಿನ ತೂತುಗಳ ನಕ್ಷೆ, ಬರೆದವರು ಜ್ಯಾಕನ್ನು ಕೆಳಗಿನಿಂದ ನೋಡಿದ ಚಿತ್ರವನ್ನು ಮೇಲಿನದೆಂದು ತಿಳಿದಿದ್ದರು. ಮಾಡೆಲ್ ತನ್ನ ಬಾಳಿನಲ್ಲಿ ಮಾಡಬಹುದಾದ ಒಂದೇ ಉಪಕಾರ ಇದು, ಗೆರೆ ತಪ್ಪಿದೆಯೆಂದು ಕಣ್ಣಿಗೆ ಕಟ್ಟುವಂತೆ ತೋರಿಸುವುದು. ಮೇಷ್ಟ್ರು ಏನು ಮಾಡಿದರು? ಫ್ರೀಕ್ಯಾಡಿಗೆ ಮರಳಿ ಜ್ಯಾಕನ್ನೇ ಮಿರರ್ ಮಾಡಿದರು. ಲೋಕದ ಯಾವ ಕಾರ್ಖಾನೆಯೂ ಮಾಡದ ಜ್ಯಾಕೊಂದು ತೂತುಗಳಲ್ಲಿ ಅಚ್ಚುಕಟ್ಟಾಗಿ ಕೂತಿತು. ಚಿತ್ರ ವಾಟ್ಸಾಪ್ ಗುಂಪಿಗೆ ಹೋಯಿತು, ಹೆಬ್ಬೆರಳುಗಳ ಸುರಿಮಳೆಯಾಯಿತು.

ಬೋರ್ಡ್ ಅಚ್ಚಾಗಿ ಬಂದ ದಿನ ಬೆಸುಗೆ ಹಾಕುವ ಹುಡುಗ ಜ್ಯಾಕನ್ನು ಅತ್ತ ಇತ್ತ ತಿರುಗಿಸಿ ಸೋತ. "ಕಂಪ್ಯೂಟರಲ್ಲಿ ಕೂತಿತ್ತಲ್ಲಪ್ಪ" ಎಂದರು ಮೇಷ್ಟ್ರು, ನೊಂದ ದನಿಯಲ್ಲಿ. ಕೂತಿತ್ತು, ಸರಿ. ಕಾರ್ಖಾನೆಗೆ ಹೋಗುವುದು ಗರ್ಬರ್ ಮತ್ತು ಡ್ರಿಲ್ ಫೈಲು. ಅವುಗಳಲ್ಲಿ ತ್ರೀಡಿ ಮಾಡೆಲಿನ ಒಂದು ಗೆರೆಯೂ ಇರುವುದಿಲ್ಲ.