ಹಾಜರಿ ಎರಡು ಕಡೆ

ಬೆಳವಣಕಿಯ ಡಿಗ್ರಿ ಹುಡುಗರಿಗೆ ಪಾರ್ಟ್‌ಟೈಮ್ ಕೆಲಸ ಹುಡುಕುವ ತಾಪತ್ರಯವಿಲ್ಲ. ಎರೆಹೊಲವೇ ಅವರನ್ನು ಹುಡುಕಿಕೊಂಡು ಬರುತ್ತದೆ. ಮುಂಗಾರಿನ ಹೆಸರುಕಾಯಿ ಬಿಡಿಸುವ ಹೊತ್ತಿಗೇ ಕಾಲೇಜೂ ಜೋರು. ಕಾಯಿ ಒಣಗಿ ಸಿಡಿದರೆ ಕಾಳು ನೆಲದ ಪಾಲು. ಮಳೆ ಹಿಡಿದರೆ ಕಾಯಿಯೊಳಗೇ ಮೊಳಕೆ. "ಯಪ್ಪಾ, ಇವತ್ತ ಇಂಟರ್ನಲ್ ಐತಿ" ಅಂದರೆ, "ಹೆಸರಿಗೇನ್ ಸಪ್ಲಿಮೆಂಟರಿ ಐತೇನಲೇ?" ಎಂಬ ಉತ್ತರ ಸಿದ್ಧ. ಕಾಲೇಜಿಗೆ 75 ಪರ್ಸೆಂಟ್ ಹಾಜರಿ ಸಾಕು, ಹೊಲಕ್ಕೆ ನೂರಕ್ಕೆ ನೂರು.

ಸಂಜೆ ಕಟ್ಟೆಯ ಮೇಲೆ ಕೂತು, ಎರೆಮಣ್ಣು ಮೆತ್ತಿದ ಬೆರಳಲ್ಲೇ ಅಕೌಂಟೆನ್ಸಿ ನೋಟ್ಸ್ ತಿರುವುತ್ತಾರೆ. ಡೆಬಿಟ್ಟು, ಕ್ರೆಡಿಟ್ಟು ಬೇಗ ತಲೆಗೆ ಹತ್ತುತ್ತವೆ. ಆಳಿನ ಪಗಾರ ಲೆಕ್ಕ ಹಾಕಿದವರಲ್ಲವೇ! ಪರೀಕ್ಷೆಯ ವೇಳಾಪಟ್ಟಿ ಮಾಡುವ ದೊಡ್ಡವರಲ್ಲಿ ಒಂದೇ ಅರಿಕೆ: ತಾರೀಖು ಗೊತ್ತುಮಾಡುವ ಮುಂಚೆ ಒಮ್ಮೆ ಹೆಸರುಹೊಲದ ಕಡೆ ನೋಡ್ರಿ.