ಕಸಿ ಹಿಡಿದ ಕತೆ

ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆಂದು ನಡೆಸುವ ಹತ್ತು ತಿಂಗಳ ತರಬೇತಿಗೆ ಅರ್ಜಿ ಹಾಕುತ್ತೇನೆ ಎಂದಾಗ ಅಪ್ಪ ಅಂಗಳಕ್ಕಿಳಿದು ಕವಳ ಉಗಿದು ಬಂದು ಕೇಳಿದ್ದು ಇಷ್ಟೇ: "ಹತ್ತು ತಿಂಗಳಾ? ಅಷ್ಟರೊಳಗೆ ಮಗುವೇ ಹುಟ್ಟುತ್ತಲ್ಲೋ!"

ನಾನಾಗ ಬಿ.ಎ. ಇಂಗ್ಲಿಷಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದು ಮನೆಯಲ್ಲಿದ್ದೆ. ತರಬೇತಿಗೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕಿತ್ತು, ಜೊತೆಗೆ ಜಮೀನಿನ ಪಹಣಿ. ನನ್ನ ಅಂಕಪಟ್ಟಿ ಮಾಡದ ಕೆಲಸವನ್ನು ಅಪ್ಪನ ಪಹಣಿ ಮಾಡಿತು. ಸೀಟು ಸಿಕ್ಕಿತು.

ಪ್ರಾಸ್ಪೆಕ್ಟಸಿನಲ್ಲಿ 'ಪ್ರಾಯೋಗಿಕ ತರಬೇತಿಗೆ ಒತ್ತು' ಎಂದು ಅಚ್ಚಾಗಿತ್ತು. ಆ ಶಬ್ದದ ಕನ್ನಡ ಅರ್ಥ ಗುದ್ದಲಿ ಎಂಬುದು ಮೊದಲ ದಿನವೇ ತಿಳಿಯಿತು. ಮಾವು ನೆಡಲು ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೆಗೆಯಬೇಕು. ಬೋರ್ಡಿನ ಮೇಲೆ ಅದು 27 ಘನ ಅಡಿ. ಎಂಟನೇ ಕ್ಲಾಸಿನ ಹುಡುಗನೂ ಮಾಡುವ ಲೆಕ್ಕ. ಜಂಬಿಟ್ಟಿಗೆ ನೆಲದಲ್ಲಿ ಅದೇ ಲೆಕ್ಕ ಬಿಡಿಸಲು ನನಗೆ ಎರಡು ದಿನ ಹಿಡಿಯಿತು. ಮೇಲಿನ ಮಣ್ಣು ಒಂದು ಕಡೆ, ಕೆಳಗಿನ ಮಣ್ಣು ಇನ್ನೊಂದು ಕಡೆ ಹಾಕಿ, ತುಂಬುವಾಗ ಮೇಲ್ಮಣ್ಣಿಗೆ ಗೊಬ್ಬರ ಬೆರೆಸಿ ಹಾಕಬೇಕು ಎಂದಿದ್ದರು ಮೇಷ್ಟ್ರು. ನಾನು ತೆಗೆದದ್ದೆಲ್ಲ ಒಂದೇ ಗುಡ್ಡೆ. ಸಂಜೆ ಹಾಸ್ಟೆಲಿನಲ್ಲಿ ಊಟದ ತುತ್ತು ಬಾಯಿಗೆ ಒಯ್ಯಲು ಕೈ ಮಡಚುತ್ತಿರಲಿಲ್ಲ. ಬಾಯಿಯನ್ನೇ ತಟ್ಟೆಯ ಹತ್ತಿರ ಒಯ್ದೆ.

ಇನ್ನು ಬೋರ್ಡೋ ದ್ರಾವಣ. ನಮ್ಮ ಅಡಿಕೆ ಸೀಮೆಯ ಮಕ್ಕಳು ಹಾಲಿನ ಜೊತೆಗೇ ಅದರ ವಾಸನೆ ಕುಡಿದು ಬೆಳೆದವರು. ಮಳೆಗಾಲ ಬಂತೆಂದರೆ ಕೊಳೆರೋಗ, ಕೊಳೆರೋಗವೆಂದರೆ ಮೈಲುತುತ್ತ, ಸುಣ್ಣ ಮತ್ತು ಮರ ಹತ್ತುವ ಕೊನೆಗೌಡನ ಮನೆಗೆ ಅಲೆದಾಟ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಇದು ಶೇಕಡಾ 1ರ ದ್ರಾವಣ ಎಂದು ಮೇಷ್ಟ್ರು ಹೇಳಿದಾಗ ನಾನು ಆಕಳಿಸಿದೆ. ಆದರೆ ಅದರ ಹುಟ್ಟಿನ ಕತೆ ಕೇಳಿ ಎದ್ದು ಕೂತೆ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರಂತೆ. ನೋಡಿದವರಿಗೆ ವಿಷದ ಹಾಗೆ ಕಾಣಲಿ ಎಂದು. ಹಾಗೆ ಬಳಿದ ಬಳ್ಳಿಗೆ ಮಾತ್ರ ರೋಗ ಬಾರದಿರುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದ. 1885ರ ನಂತರ ಅದು ಜಗತ್ತಿಗೆಲ್ಲ ಔಷಧವಾಯಿತು. ಕಳ್ಳರ ಉಪಕಾರದಿಂದ ನಮ್ಮ ಅಡಿಕೆ ಉಳಿದಿದೆ ಎಂದು ರಜೆಗೆ ಹೋದಾಗ ಅಪ್ಪನಿಗೆ ಹೇಳಿದೆ. "ಈಗ ಅಡಿಕೆ ಕದಿಯುವವರಿಗೆ ಏನು ಬಳಿಯೋದು ಅಂತ ಹೇಳಿಕೊಟ್ಟಿಲ್ಲವಾ?" ಎಂದರು.

ದ್ರಾವಣ ಹದವಾಗಿದೆಯೇ ಎಂದು ನೋಡಲು ನಾನು ಜೇಬಿನಿಂದ ಲಿಟ್ಮಸ್ ಕಾಗದ ತೆಗೆದೆ. ಅಪ್ಪ ಸೊಂಟದ ಕತ್ತಿ ತೆಗೆದು ಅದ್ದಿ ಎತ್ತಿದರು. ಅಲಗಿಗೆ ಕೆಂಪು ಕೂತರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು. ಎರಡೂ ಒಂದೇ ಉತ್ತರ ಕೊಟ್ಟವು. ನನ್ನ ಕಾಗದ ಒಂದೇ ಸಲಕ್ಕೆ ಬರುವಂಥದ್ದು. ಅವರು ಅದೇ ಕತ್ತಿಯಲ್ಲಿ ಆಮೇಲೆ ಎಳನೀರು ಕೆತ್ತಿ ಕೊಟ್ಟರು. (ತೊಳೆದೇ ಕೊಟ್ಟರು. ಅಮ್ಮ ನೋಡುತ್ತಿದ್ದರು.)

ಲಾಲ್‌ಬಾಗಿಗೆ ಪ್ರವಾಸ ಹೋದದ್ದೂ ಉಂಟು. 1760ರಲ್ಲಿ ಹೈದರಾಲಿ, 1889ರಲ್ಲಿ ಗಾಜಿನ ಮನೆ, 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಆಮೇಲೆ ಮರಿಗೌಡರು, ಎಲ್ಲವನ್ನೂ ನೋಟ್ಸ್ ಮಾಡಿಕೊಂಡೆವು. ವರದಿ ಬರೆಯುವಾಗ ಎಲ್ಲರಿಗೂ ನೆನಪಿದ್ದದ್ದು ಬಂಡೆಯ ಮೇಲೆ ಕೂತು ತಿಂದ ಚುರುಮುರಿ.

ನನಗೆ ನಿಜವಾದ ಮರುಳು ಹತ್ತಿದ್ದು ಕಸಿಯಲ್ಲಿ. ಅದನ್ನು ಕಲಿಸಿದ್ದು ಮೇಷ್ಟ್ರಲ್ಲ, ನರ್ಸರಿಯ ಮುದಿ ಮಾಲಿ. ಅವನ ಪಾಠದಲ್ಲಿ ಮಾತೇ ಇರಲಿಲ್ಲ. ಎಳೆಯ ಬೇರುಗಿಡದ ತುದಿ ಕತ್ತರಿಸಿ ನಡುವೆ ಸೀಳುತ್ತಿದ್ದ. ಪೆನ್ಸಿಲ್ ಗಾತ್ರದ ಕಸಿಕಡ್ಡಿಯನ್ನು ಬೆಣೆಯ ಹಾಗೆ ಎರಡೂ ಕಡೆ ಚೆತ್ತಿ, ಸೀಳಿಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೊಂದು ಕೊಟ್ಟೆಯ ಟೋಪಿ ಹಾಕಿ ಪಕ್ಕಕ್ಕಿಡುತ್ತಿದ್ದ. ಬೀಡಿ ಆರುವಷ್ಟರಲ್ಲಿ ಮೂರು ಗಿಡ. ಸಿಪ್ಪೆಯ ಕೆಳಗಿನ ಹಸಿರು ಪದರ ಒಂದಕ್ಕೊಂದು ತಾಗಬೇಕು, ಇಲ್ಲದಿದ್ದರೆ ಸಂಬಂಧ ಕೂಡುವುದಿಲ್ಲ. ನಾನು ಒಂದು ಗಿಡ ಮುಗಿಸುವಷ್ಟರಲ್ಲಿ ಎರಡು ಬ್ಲೇಡು, ಮೂರು ಬೆರಳು ಖರ್ಚಾಗುತ್ತಿದ್ದವು. ಬೆರಳಿಗೆ ಸುತ್ತಿದ ಪಟ್ಟಿ ಗಿಡಕ್ಕೆ ಸುತ್ತಿದ್ದಕ್ಕಿಂತ ಅಚ್ಚುಕಟ್ಟಾಗಿರುತ್ತಿತ್ತು.

ನಾನು ಆರಿಸಿಕೊಂಡದ್ದು ಮಲ್ಲಿಕಾ ಮಾವು. ದೆಹಲಿಯ ಪೂಸಾದಲ್ಲಿ ಹುಟ್ಟಿದ ತಳಿ. ತಾಯಿ ನೀಲಂ, ತಂದೆ ದಶಹರಿ. ತಾಯಿ ತಂದೆಯನ್ನು ಅದಲು ಬದಲು ಮಾಡಿದರೆ ಆಮ್ರಪಾಲಿ. ಪರೀಕ್ಷೆಯಲ್ಲಿ ನಾನು ಈ ಇಬ್ಬರನ್ನು ಅದಲು ಬದಲು ಮಾಡಿ ಎರಡು ಅಂಕ ಕಳೆದುಕೊಂಡೆ. ಬೇರುಗಿಡಕ್ಕೆ ಗೊರಟು ಮಾತ್ರ ನಮ್ಮೂರ ಹೊಳೆದಂಡೆಯ ಕಾಡುಮಾವಿನದು. ಅಪ್ಪನೇ ಚೀಲದಲ್ಲಿ ಕಟ್ಟಿ ಕಳಿಸಿದ್ದರು. ಇಪ್ಪತ್ತು ಗಿಡ ಕಟ್ಟಿದೆ. ಬೇರೆ ವಿಷಯಗಳ ಫಲಿತಾಂಶವನ್ನು ಮೇಷ್ಟ್ರು ಹೇಳುತ್ತಾರೆ; ಕಸಿಯದ್ದನ್ನು ಗಿಡವೇ ಹೇಳುತ್ತದೆ, ಅದೂ ಮೂರು ವಾರ ಕಾಯಿಸಿ. ಹತ್ತೊಂಬತ್ತು ಕಪ್ಪಾಗಿ ಒಣಗಿದವು. ಒಂದರಲ್ಲಿ ತಾಮ್ರದ ಬಣ್ಣದ ಚಿಗುರು! ಹಾಸ್ಟೆಲಿಗೆಲ್ಲ ಜಿಲೇಬಿ ಹಂಚಿದೆ. ಗಿಡ ನೋಡಿ ಮಾಲಿ ಬೀಡಿ ಬಾಯಿಂದ ತೆಗೆದು ನಕ್ಕ. ಅಷ್ಟು ದೊಡ್ಡ ಮೆಚ್ಚುಗೆ ನನಗೆ ಆವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ.

ತರಬೇತಿ ಮುಗಿದಾಗ ಒಂದು ಕೈಯಲ್ಲಿ ಸರ್ಟಿಫಿಕೇಟು, ಇನ್ನೊಂದು ಕೈಯಲ್ಲಿ ಗಿಡ ಹಿಡಿದು ಬಸ್ಸಿಳಿದೆ. ಅಪ್ಪ ಸರ್ಟಿಫಿಕೇಟನ್ನು ಓದಿದರು, ಗಿಡವನ್ನು ಬುಡದಿಂದ ತುದಿವರೆಗೆ ನೋಡಿದರು, "ಹಿತ್ತಿಲಲ್ಲಿ ನೆಡು, ಅಮ್ಮನಿಗೆ ಅನುಕೂಲ" ಎಂದರು. ಅಮ್ಮನಿಗೇಕೆ ಎಂದು ನನಗೆ ಹೊಳೆಯಲಿಲ್ಲ. 27 ಘನ ಅಡಿ ಗುಂಡಿ ತೋಡಿ, ಈ ಸಲ ಮಣ್ಣನ್ನು ಎರಡು ಗುಡ್ಡೆ ಮಾಡಿ, ನೆಟ್ಟೆ.

ಕಸಿಗಿಡ ನಾಲ್ಕನೇ ವರ್ಷಕ್ಕೆಲ್ಲ ಹೂ ಬಿಡಬೇಕು. ಬಿಡಲಿಲ್ಲ. ಸತುವಿನ ಕೊರತೆ ಎಂದೆ, ನೆರಳು ಎಂದೆ, ಮಂಗ ಎಂದೆ. ಅಷ್ಟರಲ್ಲಿ ಊರಿನವರು ನನ್ನನ್ನು ಕರೆದೊಯ್ದು ಗಿಡದ ಕಾಯಿಲೆ ಕೇಳುವಷ್ಟು ದೊಡ್ಡವನಾಗಿದ್ದೆ. ನನ್ನ ಹಿತ್ತಿಲಿನ ಮರ ಮಾತ್ರ ಹೇಳಿದ ಮಾತು ಕೇಳದೆ ಮಾಡಿನೆತ್ತರ ಬೆಳೆಯಿತು. ಎಂಟನೇ ವರ್ಷ ಹೂ ಬಂತು, ಕಾಯಿ ಕಚ್ಚಿತು. ಮಲ್ಲಿಕಾ ಹಣ್ಣೆಂದು ನೆಂಟರನ್ನು ಕರೆದೆ. ಮೊದಲ ಹೋಳು ಬಾಯಿಗಿಟ್ಟ ಭಾವನ ಒಂದು ಕಣ್ಣು ಮುಚ್ಚಿಕೊಂಡಿತು. ತೆರೆಯಲು ಸ್ವಲ್ಪ ಹೊತ್ತು ಬೇಕಾಯಿತು.

'ಕಸಿಯ ಕೆಳಗೆ ಬರುವ ಚಿಗುರನ್ನು ಚಿವುಟಿ ತೆಗೆಯಿರಿ, ಅದು ಬೇರುಗಿಡದ್ದು' ಎಂದು ಮೇಷ್ಟ್ರು ದಿನಕ್ಕೊಮ್ಮೆ ಹೇಳುತ್ತಿದ್ದರು. ನಾನು ಜಿಲೇಬಿ ಹಂಚಿದ್ದು ಆ ಚಿಗುರಿಗೆ. ಮಲ್ಲಿಕಾ ಕಡ್ಡಿ ಪಟ್ಟಿಯೊಳಗೇ ಒಣಗಿತ್ತು. ಮಾಲಿ ನಕ್ಕದ್ದೂ ಅದಕ್ಕೇ.

"ನಿಮಗೆ ಅವತ್ತೇ ಗೊತ್ತಾಗಿತ್ತಾ?" ಎಂದು ಅಪ್ಪನನ್ನು ಕೇಳಿದೆ.

"ಎಲೆ ಉಜ್ಜಿ ಮೂಸಿದೆ. ನಮ್ಮ ಹೊಳೆದಂಡೆಯದ್ದೇ."

"ಹೇಳಬಾರದಿತ್ತಾ?"

"ಸರ್ಟಿಫಿಕೇಟ್ ತಂದವ ನೀನು. ನಾ ಏನು ಹೇಳೋದು?"

ಮರದ ಮಿಡಿ ಉಪ್ಪಿನಕಾಯಿಗೆ ಹೇಳಿ ಮಾಡಿಸಿದಂತಿದೆ. ಸೊನೆಯ ಘಮ ಜಗುಲಿಯವರೆಗೆ ಬರುತ್ತದೆ. ಅಮ್ಮ ಈ ವರ್ಷ ಮೂರು ಭರಣಿ ಹಾಕಿದ್ದಾರೆ. ಬೇಕಾದವರು ಮನೆಗೆ ಬನ್ನಿ, ಡಬ್ಬಿ ನೀವೇ ತನ್ನಿ. ಮಲ್ಲಿಕಾದ ಸುದ್ದಿ ಮಾತ್ರ ಎತ್ತಬೇಡಿ.