ಕಾರಿನೊಳಗಣ ಮಳೆ: ಮೂರು ತಾಲ್ಲೂಕುಗಳ ಸೋರಿಕೆ ಮೀಮಾಂಸೆ

ಕಾರಿನ ಮೇಲೆ ಬೀಳಬೇಕಾದ ಮಳೆ ಕಾರಿನೊಳಗೆ ಕಾಣಿಸಿಕೊಳ್ಳುವುದಕ್ಕೆ ಸೋರಿಕೆ ಎಂದು ಹೆಸರು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಟ್ಟುತ್ತದೆ. ಕಿಟಕಿ ಏರಿಸಲು ಮರೆತು ಮದುವೆ ಊಟಕ್ಕೆ ಕುಳಿತವನ ಕಾರಿನಲ್ಲೂ ಮಳೆ ಕಾಣಿಸುತ್ತದೆ. ಅದು ಸೋರಿಕೆಯಲ್ಲ, ಮರೆವು. ಹೀಗಾಗಿ ‘ಬಾಗಿಲು ಕಿಟಕಿಗಳೆಲ್ಲ ಮುಚ್ಚಿದ್ದಾಗ್ಯೂ, ಒಡೆಯನ ಸಮ್ಮತಿಯಿಲ್ಲದೆ’ ಎಂಬ ವಿಶೇಷಣವನ್ನು ಸೇರಿಸಿಕೊಳ್ಳಬೇಕು. ಅವ್ಯಾಪ್ತಿ ದೋಷವೂ ಒಂದಿದೆ. ಮಳೆಯೇ ಇಲ್ಲದ ದಿನ ಒದ್ದೆಯಾಗುವ ಕಾರುಗಳೂ ಉಂಟು. ಅವುಗಳ ವಿಚಾರ ಮುಂದೆ ಬರುತ್ತದೆ.

ಪ್ರಬಂಧದ ಕ್ಷೇತ್ರ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು. ಮೊದಲೆರಡು ಬೀದರ ಜಿಲ್ಲೆಯಲ್ಲೂ ಮೂರನೆಯದು ಗುಲಬರ್ಗಾ ಜಿಲ್ಲೆಯಲ್ಲೂ ಇದ್ದವು. 1956ರ ನವೆಂಬರ್ 1ರಂದು ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಲ್ಲಿ ತೆಲಂಗಾಣದ ಪಾಲಾದವು. 2016ರ ಅಕ್ಟೋಬರಿನಲ್ಲಿ ಜಿಲ್ಲೆಗಳನ್ನು ಮತ್ತೆ ಹಂಚಿದಾಗ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ ಹೋದವು. ಅಂಗಳದಲ್ಲಿ ನಿಂತ ಗಾಡಿ ಕದಲದೆಯೂ ರಾಜ್ಯ ಬದಲಾಯಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಇಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಗ್ಯಾರೇಜಿನಲ್ಲಿ ದಖನಿ ನಡೆಯುವುದು ಅಪರೂಪವಲ್ಲ. ಹಾಗಾಗಿ ಒಂದೇ ಸೋರಿಕೆಯನ್ನು ಮೂರು ಸಲ ವಿವರಿಸಬೇಕಾಗುತ್ತದೆ, ಮೂರು ಬಗೆಯ ಪರಿಹಾರಗಳೂ ಸಿಗುತ್ತವೆ.

ಅದೇ 1956ರಲ್ಲಿ ಮಾರ್ಕಸ್ ರೈನರ್ ಎಂಬ ವಿಜ್ಞಾನಿ ಚಹಾದ ಕಿತ್ತಲಿಯ ಮೂತಿಯಿಂದ ಸುರಿಯುವ ಚಹಾ ನೆಟ್ಟಗೆ ಲೋಟಕ್ಕೆ ಬೀಳದೆ ಮೂತಿಯ ತಳಕ್ಕೆ ಅಂಟಿಕೊಂಡು ಹಿಂದಕ್ಕೆ ಹರಿಯುವುದೇಕೆ ಎಂಬ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟರು. ಗಡಿರೇಖೆ ಎಳೆದವರು ಅದನ್ನು ಓದಿದ್ದ ಹಾಗೆ ಕಾಣುವುದಿಲ್ಲ. ಕಾರಿನ ಒಡೆಯರಂತೂ ಓದಿಲ್ಲ. ಆದರೆ ಸೋರಿಕೆಯ ಮೂಲಸೂತ್ರ ಇರುವುದು ಅಲ್ಲೇ. ನೀರು ಬಿಟ್ಟಲ್ಲಿ ಬೀಳುವ ಪದಾರ್ಥವಲ್ಲ. ತಗಡಿನ ಕೆಳಮೈಗೆ ಅಂಟಿಕೊಂಡು, ವಯರಿನ ಕಟ್ಟನ್ನು ಹಿಡಿದು, ಬೆಸುಗೆಯ ಸಂದಿನಲ್ಲಿ ನುಸುಳಿ, ತನಗೆ ಬೇಕಾದಲ್ಲಿ ತೊಟ್ಟಿಕ್ಕುತ್ತದೆ. ಮಾಡಿನ ಮೇಲೆ ಒಳಬಂದದ್ದು ಚಾಲಕನ ಮೊಣಕಾಲಿನ ಮೇಲೆ ಬೀಳಬಹುದು. ಹಿಂದಿನ ದೀಪದ ಬಳಿ ಒಳಬಂದದ್ದು ಸ್ಟೆಪ್ನಿ ಗುಂಡಿಯಲ್ಲಿ ಕೆರೆಯಾಗಬಹುದು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ನೈಯಾಯಿಕರ ವ್ಯಾಪ್ತಿ ಗಟ್ಟಿಯಾದದ್ದು. ಒದ್ದೆಯಿದ್ದಲ್ಲಿ ತೂತಿದೆ ಎಂಬ ಗ್ಯಾರೇಜಿನವರ ವ್ಯಾಪ್ತಿಗೆ ಆ ಗಟ್ಟಿತನವಿಲ್ಲ.

ಮಳೆಯ ವಿಭಾಗಕ್ಕೆ ನಕ್ಷತ್ರಗಳನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಜೂನ್ 7–8ರ ಹೊತ್ತಿಗೆ ಬರುವ ಮಿರುಗದ (ಮೃಗಶಿರೆಯ) ಮಳೆ ಕಾರಿಗೆ ಕೇಡು ಮಾಡುವುದಿಲ್ಲ. ಬೇಸಿಗೆಯಿಡೀ ಮಾಡಿನ ಮೇಲೆ ಬಿದ್ದ ಬೇವಿನೆಲೆ, ಹುಣಸೆಯ ತರಗು, ಧೂಳನ್ನೆಲ್ಲ ಗುಡಿಸಿ ಗಾಜಿನ ಬುಡಕ್ಕೆ ತಳ್ಳಿ ಮುಂದಿನವರಿಗೆ ಅಣಿ ಮಾಡಿಕೊಡುವುದಷ್ಟೇ ಅದರ ಕೆಲಸ. ಪುಷ್ಯ, ಆಶ್ಲೇಷಗಳ ಜಿಟಿಜಿಟಿ ಸಂದುಗೊಂದುಗಳಲ್ಲಿ ನಿಧಾನ ಇಳಿಯುತ್ತದೆ; ಅಂಟು ಬಿಟ್ಟ ಗಾಜು, ಬಿರಿದ ಬೆಸುಗೆಯ ಸೀಲು ಆಗ ಬಯಲಾಗುತ್ತವೆ. ಹಸ್ತ, ಚಿತ್ತಾದ ಮಳೆ ಗುಡುಗಿ ಒಮ್ಮೆಲೇ ಸುರಿಯುತ್ತದೆ, ಆಗ ಕಟ್ಟಿಕೊಂಡ ಕಾಲುವೆಗಳು ಉಕ್ಕುತ್ತವೆ. 2020ರ ಅಕ್ಟೋಬರ್ 13–14ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೆಲಂಗಾಣ ದಾಟಿ ಉತ್ತರ ಕರ್ನಾಟಕಕ್ಕೆ ನುಗ್ಗಿದ್ದು ಚಿತ್ತಾ ಮಳೆಯಲ್ಲೇ. ಅದನ್ನು ಸೋರಿಕೆಯ ಲೆಕ್ಕಕ್ಕೆ ಹಿಡಿಯುವುದು ಅನ್ಯಾಯ. ಅಂಥ ಹೊತ್ತಿನಲ್ಲಿ ಕಾರಿನೊಳಗೆ ನೀರು ಬಂದಿತೆನ್ನುವುದಕ್ಕಿಂತ ನೀರಿನೊಳಗೆ ಕಾರು ಹೋಯಿತೆನ್ನುವುದು ಸರಿ.

ಸೋರಿಕೆಯ ಮೂಲದ ಬಗ್ಗೆ ಈ ಸೀಮೆಯಲ್ಲಿ ಪ್ರಚಲಿತವಾದ ದರ್ಶನಗಳಲ್ಲಿ ಅತ್ಯಂತ ಪ್ರಬಲವಾದುದು ಬೀಡಿಂಗ್‌ವಾದ. ಬಾಗಿಲಿನ ಸುತ್ತಲ ರಬ್ಬರೇ ಜಗತ್ಕಾರಣ ಎಂಬುದು ಇದರ ಮತ. ಸಂವಾದ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

“ಉಸ್ತಾದ್, ಕಾಲಿನ ಬಲ್ಲಿ ನೀರ ನಿಂದರ್ಲತದ ನೋಡ್ರಿ.”

“ಬೀಡಿಂಗ್ ಹೋಗ್ಯದ್ರಿ. ಹೊಸಾದ್ ಹಾಕ್ಸರಿ.”

“ಹೋದ ವರ್ಷನೇ ಹಾಕ್ಸೀನಲ್ರೀ?”

“ಹಂಗಾರ ಅದೇ ಹೋಗ್ಯದ.”

ಈ ವಾದವನ್ನು ಖಂಡಿಸುವುದು ಸುಲಭವಲ್ಲ. ಹಾಕಿದ ಪ್ರತಿ ಬೀಡಿಂಗೂ ಅದಕ್ಕೆ ಹೊಸ ಸಾಕ್ಷಿಯಾಗುತ್ತದೆ. ಎರಡನೆಯದು ಸಿಲಿಕಾನ್ ಪಂಥ. ಕಾರಣದ ಜಿಜ್ಞಾಸೆಗೆ ಇಲ್ಲಿ ಅವಕಾಶವಿಲ್ಲ, ಕಂಡ ಸಂದಿಗೆಲ್ಲ ಪೇಸ್ಟು ಮೆತ್ತುವುದೇ ಸಾಧನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯವರು ನಗೆಪಾಟಲು ಮಾಡಿದರು. ಈ ಪಂಥದವರು ಎಮ್ಮೆ, ಎತ್ತು, ಗೂಟ ಮೂರಕ್ಕೂ ಎಳೆಯುತ್ತಾರೆ. ಮೂರನೆಯದು ಗೃಹ್ಯಮತ: ನೀರು ಸೋರಿಲ್ಲ, ಹಿಂದೆ ಕೂತ ಹುಡುಗರು ಬಾಟಲಿ ಚೆಲ್ಲಿದ್ದಾರೆ. ಇದಕ್ಕೆ ಖರ್ಚಿಲ್ಲದಿರುವುದರಿಂದ ಎಲ್ಲ ಮನೆಗಳಲ್ಲೂ ಮೊದಲು ಇದನ್ನೇ ಒಪ್ಪುತ್ತಾರೆ.

ಈ ಮೂರೂ ದರ್ಶನಗಳು ಎಡವುವುದು ಒಂದೇ ಕಡೆ. ಕಾರೆಂದರೆ ನೀರನ್ನು ಹೊರಗೇ ತಡೆದು ನಿಲ್ಲಿಸುವ ಪೆಟ್ಟಿಗೆ ಎಂದು ಇವು ನಂಬಿವೆ. ವಾಸ್ತವದಲ್ಲಿ ಕಾರನ್ನು ಕಟ್ಟಿದವರೇ ನೀರನ್ನು ಹಲವು ಕಡೆ ಒಳಗೆ ಬಿಟ್ಟುಕೊಂಡು, ಅದಕ್ಕೆ ಕಾಲುವೆ ಮಾಡಿ, ಬೇರೆ ಕಡೆಯಿಂದ ಹೊರಗೆ ಕಳಿಸುವ ಏರ್ಪಾಡು ಮಾಡಿರುತ್ತಾರೆ. ಬಾಗಿಲನ್ನೇ ನೋಡಬಹುದು. ಗಾಜು ಇಳಿಯುವ ಸೀಳಿನಿಂದ ನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ಇಳಿಯಲೇಬೇಕು. ತಳದ ಅಂಚಿನಲ್ಲಿ ಉದ್ದುದ್ದ ಸಣ್ಣ ಕಂಡಿಗಳಿವೆ, ಅಲ್ಲಿಂದ ಹೊರಗೆ ಹೋಗುತ್ತದೆ. ಹೊಟ್ಟೆಗೂ ಒಳಗಿನ ಅಲಂಕಾರದ ಹಲಗೆಗೂ ನಡುವೆ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ದೊಡ್ಡ ಸ್ಪೀಕರ್ ಕೂರಿಸುವ ಭರದಲ್ಲಿ ಆ ಹಾಳೆಯನ್ನು ಹರಿದವರು, ಹಾಳೆ ಯಾಕಿತ್ತೆಂದು ಮಳೆಗಾಲದವರೆಗೆ ಕೇಳುವುದಿಲ್ಲ. ತಳದ ಕಂಡಿಗೆ ಮಣ್ಣು ಕಟ್ಟಿದರೆ ಬಾಗಿಲು ಮುಚ್ಚುವಾಗ ಒಳಗೆ ನೀರು ತುಳುಕುವ ಸದ್ದು ಬರುತ್ತದೆ. ಸಿಲಿಕಾನ್ ಪಂಥದವರು ತೂತು ಸಿಕ್ಕಿತೆಂದು ಹಿಗ್ಗಿ ಮೆತ್ತುವುದು ಈ ಕಂಡಿಗೇ.

ಎರಡನೆಯ ಕಾಲುವೆ ವೈಪರಿನ ಕೆಳಗಿನ ಕಪ್ಪು ಜಾಲರಿಯಲ್ಲಿದೆ. 1903ರಲ್ಲಿ ಅಮೆರಿಕದ ಮೇರಿ ಆ್ಯಂಡರ್ಸನ್ ವೈಪರಿಗೆ ಪೇಟೆಂಟ್ ಪಡೆದಾಗ ಗಾಜಿನ ಮೇಲಿನ ನೀರನ್ನು ಎತ್ತ ತಳ್ಳಬೇಕೆಂಬ ಪ್ರಶ್ನೆ ಬಗೆಹರಿಯಿತು. ತಳ್ಳಿದ್ದು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಈ ಜಾಲರಿಯ ಪಾಲಿಗೆ ಬಂತು. ಅದರಡಿ ತೊಟ್ಟಿಯಂಥ ಜಾಗವಿದೆ, ಎರಡೂ ಬದಿಗೆ ಹೊರದಾರಿಯಿದೆ, ಪಕ್ಕದಲ್ಲೇ ಒಳಗಿನ ಫ್ಯಾನು ಗಾಳಿ ಎಳೆದುಕೊಳ್ಳುವ ಬಾಯಿಯೂ ಇದೆ. ಬೇವಿನ ಎಸಳು ಉದ್ದ, ಜಾಲರಿಯಲ್ಲಿ ಸಿಕ್ಕಿ ಹಾಕಿಕೊಳ್ಳುತ್ತದೆ. ಹುಣಸೆಯ ಎಸಳು ಚಿಕ್ಕದು, ಲೀಲಾಜಾಲವಾಗಿ ಒಳಗಿಳಿದು, ಕೊಳೆತು, ಹೊರದಾರಿಗೆ ಬಿರಡೆಯಾಗುತ್ತದೆ. ಆಗ ತೊಟ್ಟಿ ತುಂಬಿ ಫ್ಯಾನಿನ ಬಾಯಿಗೆ ಉಕ್ಕಿ, ಪಕ್ಕದ ಸೀಟಿನಲ್ಲಿ ಕೂತವರ ಪಾದ ತೊಳೆಯುತ್ತದೆ. ಹಿರಿಯರು ನೆರಳಿಗೆಂದು ಹುಣಸೆ ಮರದ ಕೆಳಗೆ ಗಾಡಿ ನಿಲ್ಲಿಸಬಾರದೆಂದು ಹೇಳಿದ್ದು ದೆವ್ವದ ಭಯದಿಂದಲೋ ಈ ಕಾರಣದಿಂದಲೋ ನಿರ್ಣಯಿಸುವುದು ಕಷ್ಟ.

ಮಾಡಿನ ಮೇಲೆ ಸನ್‌ರೂಫ್ ಇದ್ದರೆ ಅದರ ಚೌಕಟ್ಟಿನ ಮೂಲೆಗಳಿಂದ ತೆಳು ಕೊಳವೆಗಳು ಗಾಜಿನ ಪಕ್ಕದ ಕಂಬಗಳೊಳಗೆ ಇಳಿದು ಹೊರಗೆ ಬಾಯಿ ಬಿಡುತ್ತವೆ. ತಾಂಡೂರಿನಲ್ಲಿ ಫರಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಘಟಕಗಳ ನಡುವೆ ಓಡಾಡುವ ಕಾರಿಗೆ ಬೂದುಬಣ್ಣದ ಧೂಳು ಮೆತ್ತುತ್ತದೆ. ಅದು ನೀರು ಕುಡಿದು ಕೊಳವೆಯೊಳಗೆ ಕೆಸರುಗಟ್ಟುತ್ತದೆ. ಜಹೀರಾಬಾದಿನ ಕೆಂಪು ಮಣ್ಣು, ನಾರಾಯಣಖೇಡದ ಎರೆಮಣ್ಣು ಕೂಡ ಹಾಗೇ. ಕೊಳವೆಯಿಂದ ಹೊರತೆಗೆದ ಮಣ್ಣಿನ ಪದರಗಳನ್ನು ಓದಬಲ್ಲವನಿಗೆ ಕಾರು ಯಾವ ವರ್ಷ ಯಾವ ಊರಿನ ನೆಂಟರ ಮನೆಗೆ ಹೆಚ್ಚು ಹೋಗಿತ್ತೆಂಬುದು ತಿಳಿಯುತ್ತದೆ. ಕೆಲವು ಮನೆಗಳಲ್ಲಿ ಈ ಪುರಾತತ್ವ ಬೇಡವೇ ಬೇಡ. ಕೊಳವೆ ಕಟ್ಟಿದ್ದಕ್ಕೆ ಮೇಲಿನ ಬಟ್ಟೆಯ ಮೇಲಿನ ಕಲೆಯೇ ಗುರುತು. ಅಲ್ಲಿ ತಂಗಿದ ನೀರು ಬ್ರೇಕು ಹಾಕಿದಾಗ ತಲೆಯ ಮೇಲೆ ಬೀಳುತ್ತದೆ. ಸ್ಪೀಡ್ ಬ್ರೇಕರನ್ನು ರೋಗಪರೀಕ್ಷೆಯ ಸಾಧನವಾಗಿ ಬಳಸಲು ಬೇರೆಲ್ಲೂ ಇಷ್ಟು ಅನುಕೂಲವಿಲ್ಲ. ಡಿಕ್ಕಿಯ ರಬ್ಬರು, ಹಿಂದೀಪದ ಗ್ಯಾಸ್ಕೆಟ್ಟು, ಆಂಟೆನಾದ ಬುಡ, ಕ್ಯಾರಿಯರಿಗೆಂದು ಮಾಡಿಗೆ ಕೊರೆಸಿದ ತೂತು ಇವು ನೀರಿನ ಉಳಿದ ದಾರಿಗಳು.

ಇನ್ನು ಮಳೆಯಿಲ್ಲದ ಒದ್ದೆ. ಏಸಿಯ ತಣ್ಣನೆಯ ಭಾಗದಲ್ಲಿ ಗಾಳಿಯ ತೇವ ನೀರಾಗಿ ಒಂದು ಕೊಳವೆಯ ಮೂಲಕ ಕಾರಿನಡಿಗೆ ತೊಟ್ಟಿಕ್ಕುತ್ತದೆ. ಆ ಕೊಳವೆ ಕಟ್ಟಿದರೆ ಮೇ ತಿಂಗಳಲ್ಲೂ ಕಾಲಡಿ ಕೆರೆ. ಆ ನೀರು ತಿಳಿಯಾಗಿರುತ್ತದೆ, ಏಸಿ ಹಾಕಿದ ದಿನ ಮಾತ್ರ ಬರುತ್ತದೆ. ಮುಟ್ಟಿದರೆ ಜಿಡ್ಡಾಗಿ, ಸಿಹಿವಾಸನೆ ಹೊಡೆದರೆ ಅದು ಹೀಟರಿನಿಂದ ಬಂದ ಕೂಲಂಟ್. ಅದನ್ನು ಮಳೆಯ ಖಾತೆಗೆ ಬರೆದು ಕಾಯುತ್ತ ಕೂತರೆ ಇಂಜಿನ್ನು ಕಾಯುತ್ತದೆ.

ಪತ್ತೆಕಾರ್ಯದ ವಿಧಿ ಸರಳ, ಆದರೆ ಪಾಲಿಸುವವರು ವಿರಳ. ಮೊದಲು ಕಾರ್ಪೆಟ್ಟಿನ ಅಡಿಗೆ ಕೈ ಹಾಕಬೇಕು. ಮೇಲೆ ಒಣಗಿದಂತೆ ಕಂಡರೂ ಕೆಳಗಿನ ದಪ್ಪ ಫೋಮು ವಾರಗಟ್ಟಲೆ ನೀರು ಹಿಡಿದಿಟ್ಟುಕೊಂಡಿರುತ್ತದೆ. ಒಣಗಿಸಿ ಹಳೆಯ ದಿನಪತ್ರಿಕೆ ಹಾಸಬೇಕು. ತೆಲುಗು, ಕನ್ನಡ, ಉರ್ದು ಪತ್ರಿಕೆಗಳ ಹೀರುವ ಶಕ್ತಿಯಲ್ಲಿ ಭೇದ ಕಂಡುಬಂದಿಲ್ಲ. ಆಮೇಲೆ ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗೆ ಪೈಪು ಹಿಡಿಯಬೇಕು. ಯಾರು ಒಳಗೆ ಎಂಬ ಚರ್ಚೆಯಲ್ಲೇ ಅರ್ಧ ದಿನ ಹೋಗುವುದುಂಟು. ನೀರನ್ನು ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗದಲ್ಲೂ ಕೆಲವು ನಿಮಿಷ ನಿಲ್ಲಿಸಿ, ಮೆಲ್ಲಗೆ ಬಿಡಬೇಕು. ಮೇಲಿನಿಂದ ಬಿಟ್ಟರೆ ಅದು ಎಲ್ಲ ಸಂದುಗಳನ್ನೂ ಹಾದು ಬರುತ್ತದೆ, ಯಾವುದು ಕಳ್ಳ ಎಂದು ತಿಳಿಯುವುದಿಲ್ಲ. ವಾಟರ್ ಸರ್ವಿಸಿಂಗಿನ ಜೋರು ಪಿಚಕಾರಿ ಸಲ್ಲದು. ಅದು ಗಟ್ಟಿಮುಟ್ಟಾದ ರಬ್ಬರಿನಿಂದಲೂ ತಪ್ಪೊಪ್ಪಿಗೆ ಹೊರಡಿಸುತ್ತದೆ. ರಬ್ಬರಿನ ಯೋಗ್ಯತೆ ತಿಳಿಯಲು ಹತ್ತರ ನೋಟೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದರೆ ಸಾಕು. ಸಲೀಸಾಗಿ ಬಂದರೆ ಆ ಜಾಗ ಸಡಿಲ, ಹರಿದರೆ ರಬ್ಬರು ಚೆನ್ನಾಗಿದೆ. ಇನ್ನೊಂದು ಉಪಾಯವೂ ಇದೆ. ಕಿಟಕಿ ಮುಚ್ಚಿ, ಹೊರಗಾಳಿಗೆ ತಿರುಗಿಸಿದ ಫ್ಯಾನನ್ನು ಪೂರ್ತಿ ಬಿಟ್ಟು, ಸಂದುಗಳಿಗೆ ಸೋಪಿನ ನೀರು ಸವರಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಕಾರು ನಿಲ್ಲುವ ಇಳಿಜಾರನ್ನೂ ಬದಲಿಸಿ ನೋಡಬೇಕು. ಮೂತಿ ಕೆಳಗಾದಾಗ ಮುಂದೆ ನಿಂತ ನೀರು, ಮೂತಿ ಮೇಲಾದಾಗ ಹಿಂದಕ್ಕೆ ವಲಸೆ ಹೋಗಿ ಹೊಸ ಸೋರಿಕೆಯೆಂಬ ಭ್ರಮೆ ಹುಟ್ಟಿಸುತ್ತದೆ.

ಚಿಕಿತ್ಸೆಯಲ್ಲಿ ಮುಕ್ಕಾಲು ಪಾಲು ತೆರೆಯುವುದು, ಕಾಲು ಪಾಲು ಮುಚ್ಚುವುದು. ಜಾಲರಿ ಬಿಚ್ಚಿ ಕೊಳೆ ತೆಗೆಯುವುದು, ಬಾಗಿಲಿನ ತಳದ ಕಂಡಿ ಬಿಡಿಸುವುದು, ಸನ್‌ರೂಫಿನ ಕೊಳವೆಗೆ ಗಾಳದ ದಪ್ಪ ನೈಲಾನ್ ದಾರ ತೂರಿಸುವುದು ಮೊದಲಾಗಬೇಕು. ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟರೆ ಕೊಳವೆ ಒಳಗೇ ಕಳಚಿಕೊಂಡೀತು, ಆಗ ಮಾಡೆಲ್ಲ ಬಿಚ್ಚಬೇಕಾದೀತು. ಹರಿದ ಹಾಳೆ, ಅಂಟು ಬಿಟ್ಟ ಗಾಜುಗಳ ಸರದಿ ಆಮೇಲಿನದು.

ಒಣಗಿಸಲು ಸೀಟು ಬಿಚ್ಚಿ ಕಾರ್ಪೆಟ್ಟನ್ನು ಎತ್ತಲೇಬೇಕು. ಸೀಟಿನಡಿ ಇಲೆಕ್ಟ್ರಾನಿಕ್ ಪೆಟ್ಟಿಗೆಗಳಿರುವ ಗಾಡಿಗಳಲ್ಲಿ ಮೈಗಳ್ಳತನ ದುಬಾರಿ. ತಾಂಡೂರಿನವರಿಗೆ ಅಂಗಳಕ್ಕೆ ಹಾಸಿದ ಫರಸಿಯೇ ಸಾಕು, ಬಿಸಿಲಿಗೆ ಕಾದು ಎರಡೂ ಕಡೆ ಬೇಯಿಸುತ್ತದೆ. ತಡ ಮಾಡಿದರೆ ಚೀಲದಿಂದ ಉದುರಿದ ಕಾಳು ಮೊಳೆಯುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ. ಆ ಕಾಳು ನಾರಾಯಣಖೇಡದಲ್ಲಿ ನಿಂತ ಕಾರಿನ ಕಾರ್ಪೆಟ್ಟಿನಲ್ಲಿ ಮೊಳೆತರೆ ಮಾನ್ಯತೆ ಉಳಿಯುವುದೇ ಎಂಬ ಬಗ್ಗೆ ನಿಯಮಗಳು ಮೌನವಾಗಿವೆ.

ಹಿಂಡಿದ ನೀರಿನ ವಿಲೇವಾರಿ ಇನ್ನೂ ಸೂಕ್ಷ್ಮ. ತಾಂಡೂರಿನಲ್ಲಿ ಹಿಂಡಿದ್ದು ಕಾಗಿಣಾ ಸೇರಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಹಾದು, ಭೀಮೆಯ ಮೂಲಕ ಕೃಷ್ಣೆಗೆ ಸಲ್ಲುತ್ತದೆ. ನಾರಾಯಣಖೇಡದಲ್ಲಿ ಹಿಂಡಿದ್ದು ಮಾಂಜರಾ ನದಿಯಿಂದ ಗೋದಾವರಿಗೆ. ನಾರಾಯಣಖೇಡದ ಮಳೆಯನ್ನು ಫೋಮಿನಲ್ಲಿ ಹೊತ್ತು ತಾಂಡೂರಿನಲ್ಲಿ ಹಿಂಡುವವನು ಒಂದು ಕಣಿವೆಯ ನೀರನ್ನು ಇನ್ನೊಂದಕ್ಕೆ ತಿರುಗಿಸಿದಂತಾಯಿತು. ಕೃಷ್ಣಾ, ಗೋದಾವರಿ ಎರಡೂ ನ್ಯಾಯಮಂಡಳಿಗಳಿಗೆ ನ್ಯಾಯಮೂರ್ತಿ ಬಚಾವತ್ ಅವರೇ ಅಧ್ಯಕ್ಷರಾಗಿದ್ದರೂ ಕಾರ್ಪೆಟ್ಟಿನ ಪಾಲು ಹಂಚಿಕೆಯಾಗದೆ ಉಳಿದಿದೆ.

ಯಾವ ಚಿಕಿತ್ಸೆಗೂ ಬಗ್ಗದ ಸೋರಿಕೆಗೆ ಕೊನೆಯ ಮದ್ದು ಏಪ್ರಿಲ್ ತಿಂಗಳ ಮಾರಾಟ. ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಬಸವಕಲ್ಯಾಣ, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ ಕಲ್ಯಾಣ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಆತನ ಸಿದ್ಧಾಂತ. ಸೆಕೆಂಡ್ ಹ್ಯಾಂಡ್ ಗಾಡಿಯ ಸೋರಿಕೆಯಲ್ಲೂ ಕೊಂಡವನಿಗೆ ಹಕ್ಕು ಹಾಗೆಯೇ ಕಾಗದ ಕೈಸೇರಿದ ಗಳಿಗೆಯಿಂದ ಬರುತ್ತದೆ, ಹಿಂದಿನವನು ಸಾಯುವವರೆಗೆ ಕಾಯಬೇಕಿಲ್ಲ. ಕೊಳ್ಳುವವನು ಸ್ಟೆಪ್ನಿ ಎತ್ತಿ ಗುಂಡಿಯ ತುಕ್ಕು ನೋಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಹುಡುಕಬೇಕು, ಬುಡದವರೆಗೆ ಒಗೆಯುವ ತಾಳ್ಮೆ ಮಾರುವವರಿಗೆ ಇರುವುದಿಲ್ಲ. ಹೊಚ್ಚ ಹೊಸ ಮ್ಯಾಟಿನ ಅಡಿಗೆ ಕೈ ಹಾಕಬೇಕು. ಡ್ಯಾಶ್‌ಬೋರ್ಡಿನ ಮೇಲೆ ಸುಗಂಧದ ಡಬ್ಬಿ ಒಂದಿದ್ದರೆ ಶೋಕಿ ಎಂದು ಬಿಡಬಹುದು. ಎರಡಿದ್ದರೆ ಬೆಲೆ ಇಳಿಸಿ ಕೇಳುವುದು ಮೂರೂ ತಾಲ್ಲೂಕುಗಳಲ್ಲಿ ಶಾಸ್ತ್ರಸಮ್ಮತ.